ವೀಣೆಯೋ ಬ್ಯಾಂಡೋ: ಹನುಮಂತಯ್ಯನವರ ದೂರು ಸರಿಯೇ?

1949ರ ನವೆಂಬರ್ 17. ಸಂವಿಧಾನ ಸಭೆಯಲ್ಲಿ ಕರಡಿನ ಕೊನೆಯ ಸುತ್ತಿನ ಚರ್ಚೆ. ಮೈಸೂರಿನಿಂದ ಹೋಗಿದ್ದ ವಕೀಲ ಕೆಂಗಲ್ ಹನುಮಂತಯ್ಯ ಎದ್ದು ನಿಂತು, ನಮಗೆ ಬೇಕಿದ್ದದ್ದು ವೀಣೆಯ, ಸಿತಾರಿನ ನಾದ, ಇಲ್ಲಿ ಕೇಳುತ್ತಿರುವುದು ಇಂಗ್ಲಿಷ್ ಬ್ಯಾಂಡು ಎಂದುಬಿಟ್ಟರು. ಸಂವಿಧಾನ ನಮ್ಮ ನೆಲದ್ದಲ್ಲ, ಬ್ರಿಟಿಷರ ಮಾದರಿಯದ್ದು ಎಂಬುದು ಅವರ ದೂರು.

ಪರ

ಇದು ಹಳ್ಳಿಯವನ ಗೊಣಗಾಟವಲ್ಲ. ರಾಮನಗರದ ಹತ್ತಿರದ ಲಕ್ಕಪ್ಪನಹಳ್ಳಿಯಲ್ಲಿ ಹುಟ್ಟಿದರೂ ಪುಣೆಯಲ್ಲಿ ಕಾನೂನು ಓದಿ ಬೆಂಗಳೂರಿನಲ್ಲಿ ಕರಿಕೋಟು ತೊಟ್ಟವರು ಅವರು. ಬ್ಯಾಂಡಿನ ಸ್ವರ ಅವರಿಗೂ ಗೊತ್ತಿತ್ತು. ಕರಡು ಬರೆದವರ ಓದು ಹಾಗಿತ್ತು, ಅವರನ್ನು ದೂರುವುದಿಲ್ಲ, ಆ ಕೆಲಸ ಅವರಿಗೆ ಒಪ್ಪಿಸಿದವರನ್ನು ದೂರಬೇಕು ಎಂದೂ ಸೇರಿಸಿದರು. ಅಂದರೆ ತಮ್ಮನ್ನೂ ಬಿಡಲಿಲ್ಲ.

ಅವರ ತಕರಾರು ಇದ್ದದ್ದು ಗಾಂಧಿಯವರ ಹಳ್ಳಿಯ ಬಗ್ಗೆ. ಆಡಳಿತ ಕೆಳಗಿನಿಂದ ಕಟ್ಟಿಕೊಂಡು ಬರಬೇಕು ಎಂದಿದ್ದ ಗಾಂಧಿಗೆ ದಕ್ಕಿದ್ದು ಗ್ರಾಮ ಪಂಚಾಯಿತಿ ಕಟ್ಟಿ ಎನ್ನುವ 40ನೇ ವಿಧಿ. ಕೋರ್ಟಿಗೆ ಹೋಗಿ ಕೇಳಲಾಗದ ನಿರ್ದೇಶಕ ತತ್ವ. ಪಂಚಾಯಿತಿಗೆ ಸಂವಿಧಾನದಲ್ಲಿ ಗಟ್ಟಿ ಜಾಗ ಸಿಗಲು 1992ರ 73ನೇ ತಿದ್ದುಪಡಿಯೇ ಬರಬೇಕಾಯಿತು. ಕರ್ನಾಟಕ ಅಷ್ಟರಲ್ಲಿ 1983ರಲ್ಲಿ ತನ್ನದೇ ಕಾಯ್ದೆ ತಂದು, 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆಯನ್ನೂ ನಡೆಸಿತ್ತು. ಈಗಲೂ ಗ್ರಾಮಸಭೆಯಲ್ಲಿ ಚರಂಡಿಯ ಮಾತೆತ್ತಿ ನೋಡಿ. "ಮೇಲಿನಿಂದ ಅನುದಾನ ಬಂದಿಲ್ಲ" ಎಂದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಫೈಲು ಮುಚ್ಚುತ್ತಾರೆ. ಹನುಮಂತಯ್ಯನವರಿಗೆ ಸೇರದೆ ಹೋದದ್ದು ಆ 'ಮೇಲಿನಿಂದ' ಎಂಬ ಪದವೇ.

1952ರಲ್ಲಿ ಮುಖ್ಯಮಂತ್ರಿಯಾದ ಮೇಲೆ ಅದೇ ಮಾತನ್ನು ಕಲ್ಲಿನಲ್ಲಿ ಹೇಳಿದರು. ಅಠಾರ ಕಚೇರಿಯ (ಇಂದಿನ ಹೈಕೋರ್ಟ್) ಕೆಂಪು ಯುರೋಪಿಯನ್ ಕಂಬಗಳಿಗೆ ಮುಖಾಮುಖಿಯಾಗಿ ದ್ರಾವಿಡ ಶೈಲಿಯ ವಿಧಾನಸೌಧ. ಖರ್ಚಿನ ಬಗ್ಗೆ ಆಗ ಎದ್ದ ಗದ್ದಲ ಇಂದು ಯಾರಿಗೂ ನೆನಪಿಲ್ಲ. ಕಟ್ಟಡ ಮಾತ್ರ ಎಲ್ಲರಿಗೂ ಗೊತ್ತು.

ವಿರೋಧ

ವೀಣೆ ಅಂದ ಕೂಡಲೇ ತಲೆದೂಗುತ್ತೇವೆ. ಆದರೆ ಆ ವೀಣೆ ಊರಲ್ಲಿ ಯಾರ ಪಡಸಾಲೆಯಲ್ಲಿತ್ತು? ಕೇರಿಯವರು ಅದನ್ನು ಮುಟ್ಟಬಹುದಿತ್ತೇ? ಹಳ್ಳಿ ಎಂದರೆ ಅಜ್ಞಾನದ, ಸಂಕುಚಿತ ಬುದ್ಧಿಯ ಗೂಡು ಎಂದು ಅಂಬೇಡ್ಕರ್ 1948ರಲ್ಲಿ ಅದೇ ಸಭೆಯಲ್ಲಿ ಹೇಳಿದ್ದು ಪುಸ್ತಕ ಓದಿ ಅಲ್ಲ, ಅನುಭವಿಸಿ. ಅಸ್ಪೃಶ್ಯತೆಯನ್ನು ತೊಡೆದದ್ದು 17ನೇ ವಿಧಿ. ಅರಳಿಕಟ್ಟೆಯ ನ್ಯಾಯ ಆ ಕೆಲಸವನ್ನು ತಾನಾಗಿಯೇ ಮಾಡುತ್ತಿತ್ತು ಎಂದು ನಂಬಲು ನನಗಂತೂ ಆಗುವುದಿಲ್ಲ.

ಇನ್ನು ಏಕೀಕರಣ. ಹಳೇ ಮೈಸೂರಿನ ತಮ್ಮವರೇ ಬೇಡವೆಂದಾಗ ಹನುಮಂತಯ್ಯ ಬೇಕೆಂದು ನಿಂತರು. ಅವರ ಇಡೀ ಬದುಕಿನ ದೊಡ್ಡ ಕೆಲಸ ವಿಧಾನಸೌಧವಲ್ಲ, ಇದು. ಆದರೆ ಕನ್ನಡನಾಡು ಒಂದಾದದ್ದು ಯಾವ ವಾದ್ಯದಿಂದ? 3ನೇ ವಿಧಿಯಿಂದ. ರಾಜ್ಯದ ಗಡಿ ಬದಲಿಸಲು ಸಂಸತ್ತಿನ ಸರಳ ಬಹುಮತ ಸಾಕು, ರಾಜ್ಯದ ಅಭಿಪ್ರಾಯ ಕೇಳಿದರಾಯಿತು, ಒಪ್ಪಿಗೆ ಬೇಕಿಲ್ಲ. ಬ್ರಿಟಿಷರ 1935ರ ಕಾಯ್ದೆಯಲ್ಲೂ ಪ್ರಾಂತ್ಯಗಳ ಗಡಿ ಮೇಲಿನವರ ಕೈಯಲ್ಲೇ ಇತ್ತು. ಒಂದೊಂದು ಹಳ್ಳಿಯ ಒಪ್ಪಿಗೆ ಪಡೆದು ಮೇಲೇರುವ ವೀಣೆಯಾಗಿದ್ದರೆ 1956ರ ನವೆಂಬರ್ 1 ಅಷ್ಟು ಬೇಗ ಬರುತ್ತಿತ್ತೇ?

ಪರದೇಶದ್ದೆಂದು ವಾದ್ಯವನ್ನು ಹೊರಗಿಡುವುದೂ ನಮ್ಮ ಪದ್ಧತಿಯಲ್ಲ. ಪಿಟೀಲು ಎಲ್ಲಿಂದ ಬಂತು? (ಬ್ಯಾಂಡಿನಲ್ಲಿ ಪಿಟೀಲು ಇರುವುದಿಲ್ಲ ಎಂದು ಸಂಗೀತಗಾರರು ಜಗಳಕ್ಕೆ ಬರಬೇಡಿ.) ಮೈಸೂರಿನ ಚೌಡಯ್ಯ ಅದಕ್ಕೆ ಏಳು ತಂತಿ ಬಿಗಿದು ಕಚೇರಿ ಮಾಡಿದರು, ಬೆಂಗಳೂರಿನಲ್ಲಿ ಅವರ ಹೆಸರಿನ ಭವನವೇ ಪಿಟೀಲಿನ ಆಕಾರದಲ್ಲಿದೆ.

ವಿಧಾನಸೌಧದ ಗೋಪುರವನ್ನೇ ನೋಡುತ್ತ ನಿಂತವರು ಒಳಗೆ ಹೋಗಿ ಕೂರಬೇಕು. ಸ್ಪೀಕರ್, ಪ್ರಶ್ನೋತ್ತರ, ವಿಪ್, ಅವಿಶ್ವಾಸ ನಿರ್ಣಯ: ಎಲ್ಲವೂ ಬ್ಯಾಂಡಿನವೇ. ಹನುಮಂತಯ್ಯ ನಾಲ್ಕು ವರ್ಷ ಆಳಿದ್ದು ಆ ತಾಳಕ್ಕೆ. 1956ರ ಆಗಸ್ಟ್‌ನಲ್ಲಿ, ಏಕೀಕರಣಕ್ಕೆ ಮೂರು ತಿಂಗಳೂ ಉಳಿದಿಲ್ಲದಾಗ, ಸ್ವಪಕ್ಷದವರ ವಿಶ್ವಾಸ ಕಳೆದುಕೊಂಡು ಕುರ್ಚಿ ಬಿಟ್ಟದ್ದೂ ಅದೇ ತಾಳಕ್ಕೆ.