ಚಕ್ರವರ್ತಿಯ ಸಹಿ ಸಂಗ್ರಹ ಅಭಿಯಾನ

ಆಸ್ಟ್ರಿಯಾದ ಆರನೇ ಚಾರ್ಲ್ಸ್ ಚಕ್ರವರ್ತಿಗೆ ಗಂಡು ಸಂತಾನ ಉಳಿಯಲಿಲ್ಲ. ಪಾಪ, ಅರ್ಧ ಆಯಸ್ಸು ಸಹಿ ಸಂಗ್ರಹದಲ್ಲೇ ಹೋಯಿತು. ಗಂಡು ಮಗ ಇಲ್ಲದಿದ್ದರೆ ರಾಜ್ಯವೆಲ್ಲ ಮಗಳಿಗೆ, ಅದೂ ಇಡಿಯಾಗಿ ಎಂದು 1713ರಲ್ಲೇ ‘ಪ್ರಾಗ್ಮ್ಯಾಟಿಕ್ ಸ್ಯಾಂಕ್ಷನ್’ ಎಂಬ ಶಾಸನ ಬರೆಸಿಟ್ಟಿದ್ದ. ಆಮೇಲೆ ಅದನ್ನು ಹಿಡಿದು ಯೂರೋಪಿನ ಅರಮನೆಗಳ ಬಾಗಿಲು ಬಡಿದ. ಪುಕ್ಕಟೆ ಸಹಿ ಯಾರು ಹಾಕುತ್ತಾರೆ? ಬ್ರಿಟನ್ ಒಪ್ಪಲಿ ಎಂದು, ಭಾರತದ ಜೊತೆ ವ್ಯಾಪಾರ ಮಾಡುತ್ತಿದ್ದ ತನ್ನ ಆಸ್ಟೆಂಡ್ ಕಂಪನಿಗೇ ಬೀಗ ಜಡಿದ. ಫ್ರಾನ್ಸ್ ಒಪ್ಪಲಿ ಎಂದು ಅಳಿಯನಾಗುವವನಿಂದ ಅವನ ಸ್ವಂತ ನಾಡು ಲೊರೇನನ್ನೇ ಬಿಡಿಸಿದ. ಇಷ್ಟೆಲ್ಲ ಕಾಗದದ ಬದಲು ಗಟ್ಟಿ ಸೈನ್ಯ, ತುಂಬಿದ ಖಜಾನೆ ಇಟ್ಟುಕೊಳ್ಳಿ ಸ್ವಾಮಿ ಎಂದು ಸೇನಾಪತಿ ಯೂಜೀನ್ ಹೇಳಿದ್ದನಂತೆ. ಅನುಭವಸ್ಥರ ಮಾತು ಯಾರಿಗೆ ಬೇಕು!

1740ರ ಅಕ್ಟೋಬರ್‌ನಲ್ಲಿ ಚಾರ್ಲ್ಸ್ ತೀರಿಕೊಂಡ. ಅಣಬೆ ತಿಂದು ಸತ್ತ ಎಂಬ ಮಾತೂ ಇದೆ. ಮಗಳು ಮರಿಯಾ ತೆರೇಸಾಗೆ 23 ವರ್ಷ, ಮೇಲೆ ಗರ್ಭಿಣಿ. ಎರಡು ತಿಂಗಳು ತುಂಬುವ ಮೊದಲೇ ಪ್ರಷ್ಯಾದ ದೊರೆ ಫ್ರೆಡರಿಕ್ ಅವಳ ಸೈಲೇಷಿಯಾ ಪ್ರಾಂತ್ಯಕ್ಕೆ ನುಗ್ಗಿದ. ಸೈಲೇಷಿಯಾ ಕೊಟ್ಟುಬಿಡು, ಉಳಿದದ್ದನ್ನು ನಾನೇ ಕಾಪಾಡುತ್ತೇನೆ ಎಂಬ ಧಾಟಿ ಅವನದು. ಎಂಥ ಉಪಕಾರ, ಅಲ್ವಾ?

ಬವೇರಿಯಾದ ದೊರೆ ಕಾರ್ಲ್ ಆಲ್ಬ್ರೆಕ್ಟ್ ಒಬ್ಬನೇ ಸ್ವಲ್ಪ ಮರ್ಯಾದಸ್ಥ. ದೊರೆಯಾದ ಮೇಲೆ ಆ ಪತ್ರವನ್ನು ಒಪ್ಪಿರಲಿಲ್ಲ. 1742ರ ಫೆಬ್ರವರಿ 12ರಂದು ಫ್ರಾಂಕ್‌ಫರ್ಟ್‌ನಲ್ಲಿ ಚಾರ್ಲ್ಸ್ ಬಿಟ್ಟುಹೋಗಿದ್ದ, ಜರ್ಮನ್ ನಾಡುಗಳ ಒಕ್ಕೂಟವಾದ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಕಿರೀಟ ಅವನ ತಲೆಗೆ ಏರಿತು. ಎರಡೇ ದಿನಕ್ಕೆ ಆಸ್ಟ್ರಿಯಾದ ಸೈನ್ಯ ಅವನ ರಾಜಧಾನಿ ಮ್ಯೂನಿಕ್‌ಗೆ ನುಗ್ಗಿತು. ಚಕ್ರವರ್ತಿಯೇನೋ ಹೌದು, ಆದರೆ ಮನೆಗೆ ಹೋಗುವ ಹಾಗಿಲ್ಲ.

ಮರುವರ್ಷ ಜರ್ಮನಿಯ ಡೆಟ್ಟಿಂಗೆನ್‌ನಲ್ಲಿ ಬ್ರಿಟನ್ನಿನ ದೊರೆ ಎರಡನೇ ಜಾರ್ಜ್ ಖುದ್ದಾಗಿ ನಿಂತು ಫ್ರೆಂಚರ ಜೊತೆ ಹೊಡೆದಾಡಿದ. ಆದರೆ ಆ ಎರಡು ದೇಶಗಳ ನಡುವೆ ಆಗಿನ್ನೂ ಯುದ್ಧವೇ ಇರಲಿಲ್ಲ! ಎರಡೂ ಕಡೆಯವರು ಸುಮ್ನೆ ಸ್ನೇಹಿತರಿಗೆ (ಬ್ರಿಟನ್ ಮರಿಯಾಗೆ, ಫ್ರಾನ್ಸ್ ಕಾರ್ಲ್‌ಗೆ) ಸಹಾಯ ಮಾಡಲು ಬಂದವರು. ಯುದ್ಧ ಘೋಷಣೆಯ ಕಾಗದ ಹೊರಟಿದ್ದು 1744ರಲ್ಲಿ.

ವಿಯೆನ್ನಾದ ಈ ಮನೆಜಗಳ 1746ರಲ್ಲಿ ಮದ್ರಾಸಿಗೂ ಬಂತು. ಫ್ರೆಂಚರು ಊರನ್ನು ಇಂಗ್ಲಿಷರಿಂದ ಕಿತ್ತುಕೊಂಡರು. ಗೆದ್ದರೆ ನಿಮಗೇ ಒಪ್ಪಿಸುತ್ತೇನೆ ಎಂದು ಆರ್ಕಾಟಿನ ನವಾಬ ಅನ್ವರುದ್ದೀನನಿಗೆ ಪಾಂಡಿಚೇರಿಯ ಫ್ರೆಂಚ್ ಗವರ್ನರ್ ಡೂಪ್ಲೆ ಮಾತು ಕೊಟ್ಟಿದ್ದ. ಕೇಳಲು ಹೋದ ನವಾಬನ ಸೈನ್ಯಕ್ಕೆ ಅಡ್ಯಾರ್ ಹೊಳೆಯ ಹತ್ತಿರ ಸಿಕ್ಕಿದ್ದು ಗುಂಡೇಟು.

ಕೊನೆಗೆ 1748ರಲ್ಲಿ ಆಖೆನ್‌ನಲ್ಲಿ ಎಲ್ಲರೂ ಒಪ್ಪಂದಕ್ಕೆ ಕೂತರು. ಮದ್ರಾಸು ಇಂಗ್ಲಿಷರಿಗೆ ವಾಪಸ್, ಬದಲಿಗೆ ಈಗಿನ ಕೆನಡಾದ ಲೂಯಿಸ್‌ಬರ್ಗ್ ಕೋಟೆ ಫ್ರೆಂಚರಿಗೆ ವಾಪಸ್. ಸೈಲೇಷಿಯಾ ಮಾತ್ರ ಫ್ರೆಡರಿಕ್‌ನಿಗೇ. ಉಳಿದ ಆಸ್ತಿಯ ಭದ್ರತೆಗೆ ಏನು ಮಾಡಿದರು ಅಂತೀರಾ? ಅದೇ 1713ರ ‘ಪ್ರಾಗ್ಮ್ಯಾಟಿಕ್ ಸ್ಯಾಂಕ್ಷನ್’ ಹೊರತೆಗೆದು, ಇದಕ್ಕೆ ನಾವೆಲ್ಲ ಬದ್ಧ ಎಂದು ಇನ್ನೊಮ್ಮೆ ಸಹಿ ಹಾಕಿದರು.