ರಜೆಯಲ್ಲಿ ತಿಂದ ಪುನರ್ಪುಳಿಯ ಬೀಜ

ಜೂನ್ 5, ಪರಿಸರ ದಿನ ಬಂತೆಂದರೆ ನಮ್ಮ ಶಾಲೆಗಳಲ್ಲಿ ಒಂದೇ ಚಿತ್ರ. ನರ್ಸರಿಯಿಂದ ಸಸಿ ಬರುತ್ತದೆ, ಗುಂಡಿ ಮೊದಲೇ ತಯಾರಿರುತ್ತದೆ, ಅತಿಥಿಗಳ ಜೊತೆ ನಾಲ್ಕು ಮಕ್ಕಳು ಸಸಿಗೆ ಕೈ ತಾಗಿಸುತ್ತಾರೆ, ಫೋಟೋ ಆಗುತ್ತದೆ. ಉಡುಪಿ ಹತ್ತಿರದ ಹಳ್ಳಿ ಶಾಲೆಯಲ್ಲಿ ಪಾಠ ಮಾಡುವ ನಾನೂ ಎಷ್ಟೋ ವರ್ಷ ಹೀಗೇ ಮಾಡಿಸಿದ್ದೇನೆ. ಒಮ್ಮೆ ಮೂರನೇ ಕ್ಲಾಸಿನ ಮಕ್ಕಳ ಹತ್ತಿರ "ನಾವು ನೆಟ್ಟದ್ದು ಯಾವ ಗಿಡ?" ಅಂತ ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ಅದರ ಬೀಜ ಹೇಗಿತ್ತು, ತಾಯಿಮರ ಎಲ್ಲಿದೆ ಅಂತ ನಾನು ತೋರಿಸಿಯೇ ಇರಲಿಲ್ಲ. ಗುಡ್ಡದ ಮೇಲಿನ ಅಕೇಶಿಯಾ ತೋಪನ್ನೇ ಕಾಡು ಅಂದುಕೊಂಡ ಮಕ್ಕಳು ಅವರು. ಅದು ಆಸ್ಟ್ರೇಲಿಯಾ ಕಡೆಯಿಂದ ಬಂದ ಮರ ಅಂತ ಹೇಳಿದರೆ ನಂಬಲಿಲ್ಲ.

ಕಳೆದ ಬೇಸಿಗೆ ರಜೆಗೆ ಒಂದೇ ಹೋಂವರ್ಕ್ ಕೊಟ್ಟೆ: ತಿಂದ ಪುನರ್ಪುಳಿಯ (ಕೋಕಂ ಹಣ್ಣಿನ) ಬೀಜ ಬಿಸಾಡಬೇಡಿ, ಶಾಲೆ ಶುರುವಾಗುವಾಗ ತನ್ನಿ. ಕಿಸೆಯಲ್ಲಿ, ಬೆಂಕಿಪೊಟ್ಟಣದಲ್ಲಿ, ಅಜ್ಜಿ ಕಟ್ಟಿಕೊಟ್ಟ ಬೂದಿಯ ಪೊಟ್ಟಣದಲ್ಲಿ ತಂದರು. ಹಾಲಿನ ಪ್ಲಾಸ್ಟಿಕ್ ತೊಟ್ಟೆ ತೊಳೆದು, ಅಡಿಗೆ ತೂತು ಮಾಡಿ, ಕೆಂಪು ಮಣ್ಣಿಗೆ ಸುಡುಮಣ್ಣು, ಹಟ್ಟಿಗೊಬ್ಬರ ಸೇರಿಸಿ ಬಿತ್ತಿದೆವು.

ಒಂದು ವಾರ, ಎರಡು ವಾರ, ಏನೂ ಇಲ್ಲ. ಜುಲೈ ಮೊದಲ ವಾರ ವನಮಹೋತ್ಸವವೂ ಬಂತು. ಒಬ್ಬ ಹುಡುಗ ದಿನಾ ಬೆರಳು ಹಾಕಿ ಬೀಜ ತೆಗೆದು ನೋಡಿ ಪುನಃ ಮುಚ್ಚುತ್ತಿದ್ದ. ನಾನು ಬೈಯಲಿಲ್ಲ. ಮೊದಲು ಬರುವುದು ಬೇರು ಅಂತ ಇಡೀ ಕ್ಲಾಸಿಗೆ ಹೇಳಿದ್ದು ಅವನೇ. ಆಮೇಲೊಂದು ಬೆಳಿಗ್ಗೆ ಮಣ್ಣು ಬಿರಿದಿತ್ತು. ಎಳೆ ಎಲೆ ಹಸಿರಲ್ಲ, ಕೆಂಪು! ಮಳೆಯ ಹನಿ ಕೂತು ಹೊಳೆಯುತ್ತಿತ್ತು. ಪ್ರಾರ್ಥನೆಯ ಬೆಲ್ ಹೊಡೆದರೂ ಯಾರೂ ಏಳಲಿಲ್ಲ.

ಅಂಗಳದ ಬಿಸಿಲಲ್ಲಿ ಸಿಪ್ಪೆಯ ಜೊತೆ ಒಣಗಿಸಿದ ಬೀಜ ಒಂದೂ ಮೊಳೆಯಲಿಲ್ಲ. ಬೂದಿ ಹಚ್ಚಿ ನೆರಳಲ್ಲಿಟ್ಟದ್ದು ಮೊಳೆಯಿತು. ಹಲಸು, ಹೆಬ್ಬಲಸು, ಧೂಪದ ಮರ ಎಲ್ಲದರ ಬೀಜದ ಕಥೆಯೂ ಇದೇ. ಒಣಗಿದರೆ ಜೀವ ಹೋಯಿತು, ಭತ್ತದ ಹಾಗೆ ಮುಂದಿನ ವರ್ಷಕ್ಕೆ ಎತ್ತಿಡಲಿಕ್ಕೆ ಆಗುವುದಿಲ್ಲ. ಪುಸ್ತಕದಲ್ಲಿ ನಾನು ನೂರು ಸಲ ಓದಿಸಿದ್ದರೂ ಇದು ಮಕ್ಕಳ ತಲೆಗೆ ಹೋಗುತ್ತಿರಲಿಲ್ಲ.

ಅಂಕೋಲಾದ ತುಳಸಿ ಗೌಡರು ಬರಿಗಾಲಲ್ಲಿ ಹೋಗಿ ಪದ್ಮಶ್ರೀ ತೆಗೆದುಕೊಂಡ ಫೋಟೋ ಎಲ್ಲರೂ ನೋಡಿದ್ದೇವೆ. ಶಾಲೆಯ ಮೆಟ್ಟಿಲು ಹತ್ತದ ಅವರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಜೀವನವಿಡೀ ಮಾಡಿದ್ದು ಈ ಕೆಲಸವನ್ನೇ: ತಾಯಿಮರ ಗುರುತಿಸಿ, ಸರಿಯಾದ ಹೊತ್ತಿಗೆ ಬೀಜ ಆರಿಸಿ ಮೊಳೆಯಿಸುವುದು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅಷ್ಟು ದೊಡ್ಡ ವಿದ್ಯೆಗೆ ನಮ್ಮ ಟೈಮ್‌ಟೇಬಲಿನಲ್ಲಿ ವಾರಕ್ಕೊಂದು ಪೀರಿಯಡ್ ಆದರೂ ಬೇಡವೇ?

ಪುನರ್ಪುಳಿಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಬಂದ ಗಿಡ ಗಂಡೋ ಹೆಣ್ಣೋ ಎಂದು ಹೂ ಬಿಟ್ಟ ಮೇಲೆಯೇ ಗೊತ್ತಾಗುವುದು, ಅದಕ್ಕೆ 7-8 ವರ್ಷ ಬೇಕು. ಇದನ್ನು ಕೇಳಿ ಒಬ್ಬಳ ಮುಖ ಸಣ್ಣದಾಯಿತು. "ನನ್ನದು ಗಂಡು ಮರ ಆದ್ರೆ ಹಣ್ಣು ಬರುದಿಲ್ವಾ ಟೀಚರ್?" ಅದು ಇಲ್ಲದಿದ್ದರೆ ಪಕ್ಕದವಳ ಮರದಲ್ಲೂ ಬರುವುದಿಲ್ಲ ಮಗಾ ಅಂದೆ. ಬೆರಳು ಮಡಚಿ ಲೆಕ್ಕ ಹಾಕಿದಳು. "ಆಗ ನಾನು ಕಾಲೇಜಿಗೆ ಹೋಗ್ತಿರ್ತೇನೆ. ಬಂದು ನೋಡ್ತೇನೆ."

ಗಿಡಗಳು ಈಗ ಗೇಣುದ್ದ ಆಗಿವೆ. ರಜೆಯಲ್ಲಿ ನೀರು ಹಾಕುವ ಪಾಳಿಯನ್ನು ಮಕ್ಕಳೇ ಬರೆದು ಗೋಡೆಗೆ ಅಂಟಿಸಿದ್ದಾರೆ. ಕರಾವಳಿಯ ಟೀಚರುಗಳೇ, ಈ ಸಲ ಸಸಿಗೆ ಅರ್ಜಿ ಹಾಕುವ ಮೊದಲು ಮಕ್ಕಳ ಹತ್ತಿರ ಬೀಜ ಕೇಳಿ. ರಜೆ ಕೊಡುವ ಮೊದಲೇ ಹೇಳಿಬಿಡಿ, ಬಿಸಿಲಿಗೆ ಇಡಬಾರದು ಅಂತಲೂ ಹೇಳಿ.