ಹಳೇ ಒಡವೆ ಇನ್ನು ಮಾರೋಕಾಗಲ್ಲವೇ? ಸತ್ಯಾಂಶ

‘ಎಚ್‌ಯುಐಡಿ ಇಲ್ಲದ ಚಿನ್ನ ಇನ್ನು ಮಾರೋಕಾಗಲ್ಲ, ಬೇಗ ಬದಲಾಯಿಸಿಕೊಳ್ಳಿ’ ಎಂಬ ವಾಟ್ಸಾಪ್ ಸಂದೇಶ ಸುಳ್ಳು. ಎಚ್‌ಯುಐಡಿ ಎಂದರೆ ಒಡವೆಯ ಮೇಲೆ ಕೆತ್ತುವ ಗುರುತಿನ ಸಂಖ್ಯೆ. ಅದು ಇರಲೇಬೇಕೆಂದು 2023ರ ಏಪ್ರಿಲ್ 1ರಿಂದ ಬಂದ ನಿಯಮ ಅನ್ವಯಿಸುವುದು ಅಂಗಡಿಯವರು ಮಾರುವ ಒಡವೆಗೆ. ನಿಮ್ಮ ಬೀರುವಿನಲ್ಲಿರುವ ಅಜ್ಜಿಯ ಅವಲಕ್ಕಿ ಸರಕ್ಕಲ್ಲ. ಹಳೇ ಹಾಲ್‌ಮಾರ್ಕ್ (ಶುದ್ಧತೆಯ ಮುದ್ರೆ) ಕೂಡ ಊರ್ಜಿತವೇ; ಮುದ್ರೆಯೇ ಇಲ್ಲದಿದ್ದರೂ ಶುದ್ಧತೆ ನೋಡಿ ಅದನ್ನು ಕೊಳ್ಳಲು ಅಂಗಡಿಯವರಿಗೆ ಅಡ್ಡಿಯಿಲ್ಲ.

ಇಂಥ ಹೆದರಿಕೆಯಿಂದ ಅಂಗಡಿಗೆ ಒಂದು ದಿನದ ವ್ಯಾಪಾರ ಆಗಬಹುದು, ಅಷ್ಟೇ. ಮದುವೆ ಮದುವೆಗೂ ಗಿರಾಕಿ ಹುಡುಕಿಕೊಂಡು ಬರುವುದು ಭೂತಗನ್ನಡಿ ಕೈಗೆ ಕೊಟ್ಟು ‘ನೀವೇ ನೋಡಿ’ ಎನ್ನುವವರ ಅಂಗಡಿಗೆ. ಹೊಸ ಒಡವೆಯಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ತ್ರಿಕೋನ, 22ಕೆ916ರಂಥ ಶುದ್ಧತೆಯ ಗುರುತು, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಒಡವೆ ಯಾವುದು, ಶುದ್ಧತೆ ಎಷ್ಟು, ಪರೀಕ್ಷಿಸಿದ ಕೇಂದ್ರ ಯಾವುದು ಎಲ್ಲವೂ ಕಾಣುತ್ತದೆ. ದುಡ್ಡು ಕೊಡುವ ಮೊದಲು, ಗಲ್ಲಾಪೆಟ್ಟಿಗೆಯ ಮುಂದೆಯೇ ನೋಡಿ.